ಮುದ್ದೆಗೆ ಬಿಟ್ಟ ಎರಡು ಬೆರಳು

“ಬಿಗಿ ಮಾಡಿದ್ರೆ ಮುದ್ದೆ ಇಳಿಯಲ್ಲ ಸಾರ್.”

ಮಂಗಳವಾರ ಶಿರಾ ಕಡೆಯಿಂದ ಮಗಳನ್ನು ತುಮಕೂರಿಗೆ ಕರೆತಂದಿದ್ದ ತಾಯಿ ಹೇಳಿದ್ದು. ವಾರ ಮುಗಿಯುತ್ತ ಬಂತು, ಮಾತು ಕಿವಿ ಬಿಟ್ಟಿಲ್ಲ.

ಹುಡುಗಿಗೆ 12. ಬೆನ್ನುಮೂಳೆ ಬಲಕ್ಕೆ 31 ಡಿಗ್ರಿ ಬಾಗಿದೆ, ಇನ್ನೂ ಮೈನೆರೆದಿಲ್ಲ, ಎತ್ತರ ಬೆಳೆಯುವುದು ಬಾಕಿ ಇದೆ. ಬ್ರೇಸ್, ಅಂದರೆ ಮೈಸುತ್ತ ಪಟ್ಟಿಯಿಂದ ಬಿಗಿಯುವ ಗಟ್ಟಿ ಕವಚ, ಹಾಕಬೇಕಾದದ್ದೇ ಈಗ: 25ರಿಂದ 40 ಡಿಗ್ರಿಯೊಳಗೆ, ಮೂಳೆ ಬಲಿಯುವ ಮುಂಚೆ. ಡೊಂಕು ನೆಟ್ಟಗಾಗುತ್ತದೆಂದಲ್ಲ, 50ರ ಹತ್ತಿರ ಹೋಗಿ ಆಪರೇಷನ್ ಮಾತು ಬರದಿದ್ದರೆ ಗೆದ್ದಂತೆ. ಜೊತೆಗಿದ್ದ ಸೋದರಮಾವ ಇದೆಲ್ಲ ಸ್ಕೂಲ್ ಬ್ಯಾಗಿನ ಭಾರದಿಂದ ಅಂತ ಮೂರು ಸಲ ಹೇಳಿದರು. ಬ್ಯಾಗಿಂದ ಇದು ಬರುವುದಿಲ್ಲ. ಆದರೆ ಆ ಬ್ಯಾಗನ್ನು ಹೊತ್ತು ಮೆಟ್ಟಿಲು ಹತ್ತಿದವರು ಅವರೇ, ಹಾಗಾಗಿ ಯಾರೂ ಜಾಸ್ತಿ ವಾದಿಸಲಿಲ್ಲ.

ಬ್ರೇಸ್ ಕೊಟ್ಟ ದಿನ ಮೂರು ಪಟ್ಟಿಗಳ ಮೇಲೂ ಮಾರ್ಕರಿನಲ್ಲಿ ಗೆರೆ ಎಳೆದಿತ್ತು. ಗೆರೆ ಬಕಲ್ ಮುಟ್ಟಬೇಕು. ಇವಳದ್ದು ಎರಡು ಬೆರಳು ಈಚೆಗೇ ನಿಂತಿತ್ತು.

“ದಿನಕ್ಕೆ ಎಷ್ಟು ಹೊತ್ತು ಹಾಕ್ಕೊಂತೀಯಮ್ಮ?”

“18 ಗಂಟೆ.”

ಸುಳ್ಳಲ್ಲ. ಕ್ಯಾಲೆಂಡರಿನ ಹಾಳೆಯನ್ನೇ ತಾಯಿ ಮಡಚಿ ತಂದಿದ್ದರು, ಒಂದೊಂದು ದಿನದ ಲೆಕ್ಕವೂ ಅದರಲ್ಲಿತ್ತು. ಮುದ್ದೆ ಮಾತು ಬಂದದ್ದು ಆಗ.

ಬ್ರೇಸಿನ ಒಳಗೆ ಬಲ ಪಕ್ಕೆಲುಬಿನ ಮೇಲೆ ಒಂದು ಪ್ಯಾಡ್ ಒತ್ತುತ್ತದೆ, ಎದುರು ಎಡಗಡೆ ಖಾಲಿ ಜಾಗ. ಮೈ ಸರಿಯುವುದೂ ಉಸಿರು ತುಂಬುವುದೂ ಅಲ್ಲಿಗೇ. ಪಟ್ಟಿ ಸಡಿಲವಾದರೆ ಬ್ರೇಸ್ ಕೆಳಗೆ ಜಾರಿ ಸ್ವಲ್ಪ ತಿರುಗುತ್ತದೆ, ಪ್ಯಾಡ್ ಡೊಂಕಿನ ಜಾಗ ಬಿಟ್ಟು ಬೇರೆಲ್ಲೋ ಒತ್ತುತ್ತದೆ. ಸೊಂಟದ ಮೂಳೆಯ ಮೇಲೆ ಅಂಚು ಉಜ್ಜಿ ಗಾಯವಾಗುವುದೂ ಹೀಗೇ. ಬಿಗಿಯಾದದ್ದಕ್ಕಿಂತ ಸಡಿಲ ಬ್ರೇಸೇ ಚರ್ಮ ಸುಲಿಯುವುದು ಹೆಚ್ಚು, ಇದನ್ನು ಯಾರೂ ಸುಲಭಕ್ಕೆ ನಂಬುವುದಿಲ್ಲ. ಇವಳ ಸೊಂಟದಲ್ಲಿ ಗಾಯವಿತ್ತು, ಮೇಲೆ ಕೊಬ್ಬರಿ ಎಣ್ಣೆ. ಎಣ್ಣೆ ಚರ್ಮವನ್ನು ಇನ್ನೂ ಮೆತ್ತಗೆ ಮಾಡುತ್ತದೆ, ಹಚ್ಚಬಾರದು. ಹೊಲಿಗೆ ಒತ್ತದ ಹತ್ತಿ ಬನಿಯನ್ನು ಸುಕ್ಕಿಲ್ಲದೆ ಎಳೆದು ಹಾಕಬೇಕು. ಬಿಚ್ಚಿದಾಗ ಕೆಂಪಿದ್ದರೆ ಅರ್ಧ ಗಂಟೆಯಲ್ಲಿ ಮಾಯಬೇಕು. ಮಾಯದಿದ್ದರೆ ಬ್ರೇಸ್ ತಯಾರಿಸಿದವರ ಹತ್ತಿರ ತಿದ್ದಿಸಬೇಕು.

ಇನ್ನು ಮುದ್ದೆ. 18 ಗಂಟೆ ಹಾಕಿದರೆ ದಿನದಲ್ಲಿ 6 ಗಂಟೆ ಉಳಿಯುತ್ತದೆ. ಸ್ನಾನ, ಖೋಖೋ, ರಾತ್ರಿ ಊಟ ಎಲ್ಲ ಅದರಲ್ಲೇ ಹಿಡಿಸುತ್ತದೆ. ಊಟಕ್ಕೆ ಬಿಚ್ಚಬಹುದು ಅಂತ ಇವರಿಗೆ ಯಾರೂ ಹೇಳಿರಲಿಲ್ಲ. ಚೀಟಿಯಲ್ಲಿದ್ದದ್ದು “18 ಗಂಟೆ” ಅಷ್ಟೇ. ಬರೆದವರು ಆ ಮನೆಯಲ್ಲಿ ಸಂಜೆ ಏನು ಉಣ್ಣುತ್ತಾರೆಂದು ಕೇಳಿರಲಿಲ್ಲ. ಗಂಟೆ ಲೆಕ್ಕವೂ ಮುಖ್ಯವೇ. 2013ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾದ ಅಧ್ಯಯನದಲ್ಲಿ, ಎಷ್ಟು ಹೊತ್ತು ಹಾಕಿದ್ದಾರೆಂದು ತಿಳಿಯಲು, ಬ್ರೇಸಿನೊಳಗೇ ಉಷ್ಣತೆ ದಾಖಲಿಸುವ ಸಣ್ಣ ಸಾಧನ ಇಟ್ಟಿದ್ದರು. ದಿನಕ್ಕೆ ಸುಮಾರು 13 ಗಂಟೆಗಿಂತ ಹೆಚ್ಚು ಹಾಕಿದ ಮಕ್ಕಳಲ್ಲಿ ಶೇ. 90ಕ್ಕೂ ಹೆಚ್ಚಿನವರ ಡೊಂಕು 50 ಡಿಗ್ರಿ ಮುಟ್ಟಲಿಲ್ಲ. ಆ ಸಾಧನಕ್ಕೆ ಗೊತ್ತಾಗುವುದು ಗಂಟೆ ಮಾತ್ರ, ಎರಡು ಬೆರಳಿನ ಸಡಿಲ ಗೊತ್ತಾಗುವುದಿಲ್ಲ. ಕ್ಯಾಲೆಂಡರಿಗೂ ಅಷ್ಟೇ.

ಹುಡುಗಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಚಿಸಿ, ಸೊಂಟದ ಪಟ್ಟಿ ಮೊದಲು ಎಳೆಯುವುದನ್ನು ತಾಯಿಗೇ ಮಾಡಿಸಿದ್ದಾಯಿತು. ಎದ್ದು ನಿಂತ ಮೇಲೆ ಇನ್ನೊಮ್ಮೆ. ಗೆರೆ ಬಕಲ್ ಮುಟ್ಟಿತು.

“ಉಂಡ ತಕ್ಷಣ ಹಾಕ್ಕೋಬೇಕಾ?” ಹುಡುಗಿ ಕೇಳಿದಳು.

“ಅರ್ಧ ಗಂಟೆ ಬಿಟ್ಟು.”

ತಾಯಿ ಪೆನ್ನು ಕೇಳಿ ಇಸಕೊಂಡು ಕ್ಯಾಲೆಂಡರ್ ಹಾಳೆಯ ಮೂಲೆಯಲ್ಲಿ ಬರೆದುಕೊಂಡರು: ಮುದ್ದೆ, 1 ಗಂಟೆ.