ಹದಿನಾಲ್ಕನೆಯ ದಿನದ ಫೋನ್ ಕರೆ

ವಂಶವಾಹಿಯಲ್ಲಿ ಕ್ಯಾನ್ಸರ್ ತರುವ ದೋಷವಿದೆಯೇ ಎಂದು ನೋಡುವ ಬಿಆರ್‌ಸಿಎ ಪರೀಕ್ಷೆಗೆ ರಕ್ತ ಕೊಟ್ಟ ಕ್ಯಾನ್ಸರ್ ರೋಗಿಗಳು ವರದಿಗಾಗಿ ಕಾಯುವ ಮೂರು-ನಾಲ್ಕು ವಾರಗಳಲ್ಲಿ ಅವರ ಮನಸ್ಸು ಏನೆಲ್ಲ ಅನುಭವಿಸುತ್ತದೆ ಎಂಬುದನ್ನು ಅಂಕಗಳಲ್ಲಿ ದಾಖಲಿಸುವುದು ಮೈಸೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಕೆಲಸ. ರಕ್ತ ಕೊಟ್ಟ ದಿನ ಓಪಿಡಿಯಲ್ಲಿ ಟಿ-1, ಹದಿನಾಲ್ಕನೆಯ ದಿನ ಫೋನಿನಲ್ಲಿ ಟಿ-2, ವರದಿ ಕೈಸೇರಿದ ಮೇಲೆ ಟಿ-3. ಮೊದಲ ಎರಡಕ್ಕೆ ಹ್ಯಾಡ್ಸ್ ಬಳಸುತ್ತೇವೆ. 1983ರಷ್ಟು ಹಳೆಯದಾದ ಈ ಪ್ರಶ್ನಾವಳಿಯಲ್ಲಿ ಆತಂಕಕ್ಕೆ 7, ಖಿನ್ನತೆಗೆ 7 ಪ್ರಶ್ನೆಗಳು. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ಯಾವುದೇ ಭಾಗದಲ್ಲಿ 11 ಅಥವಾ ಅದಕ್ಕಿಂತ ಹೆಚ್ಚು ಬಂದರೆ ನಮ್ಮ ಹಾಳೆಯಲ್ಲಿ ಆ ಸಾಲು ಕೆಂಪಾಗುತ್ತದೆ. ನಮ್ಮ ಕೈಗೆ ಬಂದ ಜೆರಾಕ್ಸ್ ಪ್ರತಿಯಲ್ಲಿ, ಅಳುಕನ್ನು ಸೂಚಿಸುವ ಇಂಗ್ಲಿಷ್ ನುಡಿಗಟ್ಟೊಂದನ್ನು ‘ಹೊಟ್ಟೆಯಲ್ಲಿ ಚಿಟ್ಟೆ ಹಾರಿದಂತಾಗುತ್ತದೆಯೇ’ ಎಂದು ಯಾರೋ ಪುಣ್ಯಾತ್ಮರು ಪದಶಃ ಅನುವಾದಿಸಿಟ್ಟಿದ್ದಾರೆ. ಕೀಮೋ ಮುಗಿಸಿ ಬಂದವರು ಅದಕ್ಕೆ ಗ್ಯಾಸ್ ಎಂದೇ ಉತ್ತರಿಸುತ್ತಾರೆ. ತಿದ್ದೋಣವೆಂದರೆ, ಅಧ್ಯಯನಕ್ಕೆ ಅನುಮತಿ ಕೊಡುವ ಎಥಿಕ್ಸ್ ಸಮಿತಿಗೆ ಮತ್ತೆ ಹೋಗಬೇಕೆಂಬ ಉತ್ತರ ಸಿದ್ಧವಾಗಿರುತ್ತದೆ.

ಪಾಂಡವಪುರದ ಕಡೆಯ ಆ ತಾಯಿಗೆ ಟ್ರಿಪಲ್ ನೆಗೆಟಿವ್ ಎಂಬ, ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ಬಗೆಯ ಸ್ತನ ಕ್ಯಾನ್ಸರ್ ಇತ್ತು. ಟಿ-1ರಲ್ಲಿ ಅವರ ಆತಂಕದ ಅಂಕ 6. ಹದಿನಾಲ್ಕನೆಯ ದಿನ ಬೆಳಿಗ್ಗೆ ಆಸ್ಪತ್ರೆಯ ಲ್ಯಾಂಡ್‌ಲೈನಿನಿಂದ ನಾನು ಕರೆ ಮಾಡಿದಾಗ ಅವರು ಆಲೆಮನೆಯಲ್ಲಿದ್ದರು. ಗಾಣದ ಸದ್ದಿನ ನಡುವೆ ಅವರ ಧ್ವನಿ ಕೇಳಿಸುತ್ತಿರಲಿಲ್ಲ. ‘ಆಸ್ಪತ್ರೆಯಿಂದ’ ಎಂದೆ. ‘ವಸಿ ತಡೀರಿ ಸಾ’ ಎಂದರು. ಗಾಣದ ಸದ್ದು ನಿಧಾನವಾಗಿ ದೂರವಾಯಿತು, ನಡೆಯುತ್ತಿದ್ದಾರೆಂದು ತಿಳಿಯಿತು. ‘ಪುಟ್ಟೀ, ಬಾರವ್ವ ಇಲ್ಲಿ, ಆಸ್ಪತ್ರೆಯೋರು’ ಎಂದು ಮಗಳನ್ನು ಕೂಗಿದ್ದು ಕೇಳಿಸಿತು. ಸ್ಪೀಕರ್ ಹಾಕಿದರು. ‘ಕುಂತ್ಕಂಡಿವ್ನಿ. ಯೋಳಿ ಸಾ’ ಎಂದರು.

ವರದಿ ಇನ್ನೂ ಬಂದಿಲ್ಲ ಎಂಬ ಒಂದು ಮಾತನ್ನು ಆ ಕ್ಷಣದಲ್ಲಿ ಹೇಳಬಹುದಿತ್ತು. ನಾನು ಹೇಳಲಿಲ್ಲ, ಏಕೆಂದರೆ ನನ್ನ ಮುಂದಿದ್ದ ಸ್ಕ್ರಿಪ್ಟಿನಲ್ಲಿ ಅದು ಇರಲಿಲ್ಲ. ಹೆಸರು ಕೇಳಿದೆ, ವಯಸ್ಸು ಕೇಳಿದೆ, ಸ್ಟಡಿ ನಂಬರ್ ಓದಿ ಸರಿಯೇ ಎಂದು ಕೇಳಿದೆ, ಕನ್ಸೆಂಟ್ ಇನ್ನೂ ಇದೆಯೇ ಎಂದು ಕೇಳಿದೆ. ಪ್ರತಿಯೊಂದಕ್ಕೂ ಅವರು ‘ಊಂ’ ಎನ್ನುತ್ತಿದ್ದರು, ಪ್ರತಿ ‘ಊಂ’ ಹಿಂದಿನದಕ್ಕಿಂತ ಸಣ್ಣದಾಗುತ್ತಿತ್ತು. ಕೊನೆಗೆ ಮಗಳೇ ತಡೆಯಲಾರದೆ ‘ಸಾರ್, ಏನ್ ಬಂದೈತೆ ರಿಪೋರ್ಟಲ್ಲಿ?’ ಎಂದಳು. ಇದು ವರದಿಯ ಕರೆಯಲ್ಲ, ಕೆಲವು ಪ್ರಶ್ನೆಗಳಿವೆಯಷ್ಟೇ ಎಂದೆ. ಆ ಕಡೆ ಇಬ್ಬರೂ ಸುಮ್ಮನಾದರು. ಅಲ್ಲಿಗಾದರೂ ಕರೆ ಮುಗಿಸಿ ಮರುದಿನ ಮಾಡಬೇಕಿತ್ತು. ಅದನ್ನೂ ಮಾಡದೆ, ಶಾಂತ ಧ್ವನಿಯಲ್ಲಿ ಮುಂದುವರಿಯುವುದೇ ವೃತ್ತಿಪರತೆ ಎಂದುಕೊಂಡು ಹದಿನಾಲ್ಕು ಪ್ರಶ್ನೆಗಳನ್ನೂ ಓದಿದೆ. ಆತಂಕದ ಅಂಕ 15 ಬಂತು. ಸಾಲು ಕೆಂಪಾಯಿತು. ಕಾಯುವಿಕೆಯಿಂದ ಆತಂಕ ಏರುತ್ತದೆಂಬ ನಮ್ಮ ಊಹೆಗೆ ಇಷ್ಟು ಚೆನ್ನಾಗಿ ಹೊಂದುವ ಸಾಲು ಸಿಕ್ಕಿತೆಂದು ನನಗೆ ಖುಷಿಯಾಯಿತು ಎಂಬುದನ್ನು ಬರೆಯಲು ಈಗ ನಾಚಿಕೆಯಾಗುತ್ತದೆ.

ವರದಿ ಪಡೆಯಲು ಬಂದ ದಿನ ಅವರೇ ಮಾತು ತೆಗೆದರು. ‘ಆ ವಾರವೆಲ್ಲ ಕೆಲ್ಸದಲ್ಲಿ ಮರ್ತಂಗಿದ್ದೆ ಸಾ. ನಿಮ್ ಫೋನ್ ಬತ್ತಲ್ಲ, ಆವಾಗ್ಲೇ ಜೀವ ಓದಂಗಾದದ್ದು.’ ಹ್ಯಾಡ್ಸ್ ಕೇಳುವುದು ಕಳೆದ ಒಂದು ವಾರದ ಬಗ್ಗೆ. ಅವರು ಉತ್ತರಿಸಿದ್ದು ಆ ಹತ್ತು ನಿಮಿಷದ ಬಗ್ಗೆ. ಆ 15ರಲ್ಲಿ ಕಾಯುವಿಕೆಯ ಪಾಲೆಷ್ಟು, ನನ್ನ ಕರೆಯ ಪಾಲೆಷ್ಟು ಎಂದು ಬಿಡಿಸಲು ಈಗ ದಾರಿಯಿಲ್ಲ. ಹಳೆಯ ಕರೆಗಳ ಟಿಪ್ಪಣಿ ತಿರುವಿದರೆ, ಹೆಚ್ಚಿನವರು ಮೊದಲು ಕೇಳಿದ್ದು ವರದಿ ಬಂತೇ ಎಂದೇ. ಅದನ್ನು ನಾನೇ ನನ್ನ ಕೈಯಾರೆ ಬರೆದುಕೊಂಡಿದ್ದೆ.

ಅವರ ವರದಿಯಲ್ಲಿ ಬಂದದ್ದು ವಿಯುಎಸ್. ರೂಪಾಂತರವೇನೋ ಇದೆ, ಅದು ಅಪಾಯಕಾರಿಯೋ ಅಲ್ಲವೋ ಹೇಳಲಾಗದು ಎಂದು ಡಾಕ್ಟರು ವಿವರಿಸಿದರು. ಅಪಾಯಕಾರಿ ರೂಪಾಂತರವಾಗಿದ್ದರೆ ಮಗಳಿಗೂ ಬಂದಿರುವ ಸಾಧ್ಯತೆ ಶೇ. 50 ಎಂದು ಟಿ-1ರ ದಿನವೇ ತಿಳಿದಿದ್ದ ಅವರು, ಹುಡುಗಿಗೆ ಗಂಡು ನೋಡುವುದನ್ನು ನಿಲ್ಲಿಸಿ ಕಾಯುತ್ತಿದ್ದರಂತೆ. ಹದಿನಾಲ್ಕು ಪ್ರಶ್ನೆಗಳಲ್ಲಿ ಮಗಳ ಸುದ್ದಿ ಒಂದರಲ್ಲೂ ಇಲ್ಲ. ಅಂಥದ್ದನ್ನು ವಿಚಾರಿಸುವ ಮೈಕ್ರಾ ಎಂಬ 25 ಪ್ರಶ್ನೆಗಳ ಮಾಪನವಿದೆಯಾದರೂ ಅದನ್ನು ರೂಪಿಸಿರುವುದು ಫಲಿತಾಂಶ ತಿಳಿದವರಿಗಾಗಿ.

ಈಗ ನಾನು ಟಿ-2ರ ಕರೆ ಮಾಡುವ ದಿನ ಮತ್ತು ಹೊತ್ತನ್ನು ರಕ್ತ ಕೊಟ್ಟ ದಿನವೇ ಚೀಟಿಯಲ್ಲಿ ಬರೆದುಕೊಡುತ್ತೇನೆ, ಆಸ್ಪತ್ರೆಯ ಲ್ಯಾಂಡ್‌ಲೈನಿನ ಬದಲು ಮೊಬೈಲಿನಿಂದ ಕರೆ ಮಾಡುತ್ತೇನೆ, ನಮಸ್ಕಾರಕ್ಕೂ ಮೊದಲು ‘ವರದಿ ಬಂದಿಲ್ಲ’ ಎನ್ನುತ್ತೇನೆ. ಮೊಬೈಲಿನ ಕರೆನ್ಸಿ ನನ್ನದೇ, ಬಿಲ್ ಪಾಸಾಗಿಲ್ಲ. ಹಳೆಯ ಕರೆಗಳ ಅಂಕಗಳನ್ನು ಏನು ಮಾಡುವುದೆಂದು ಕೇಳಿದ್ದಕ್ಕೆ ಅಧ್ಯಯನದ ಮುಖ್ಯಸ್ಥರಾದ ನಮ್ಮ ಪಿಐ, ಅಂಕ ಅಂಕವೇ, ಶುಕ್ರವಾರದೊಳಗೆ ಹಾಳೆ ಕಳಿಸಿ ಎಂದರು. ಆ ತಾಯಿಯ ಸಾಲಿನ ಪಕ್ಕದಲ್ಲಿ ಫೋನಿನ ಸಂಗತಿಯನ್ನು ಒಂದು ವಾಕ್ಯದಲ್ಲಿ ಬರೆಯೋಣವೆಂದು ಕೂತೆ. ನಮ್ಮ ತಂತ್ರಾಂಶದಲ್ಲಿ ಷರಾ ಕಾಲಂ ಇಲ್ಲ. ಖಾಲಿ ಕಂಡ ಮನೆಯಲ್ಲಿ ಬೆರಳಚ್ಚು ಮಾಡಿದರೆ, ಅಂಕಿ ಮಾತ್ರ ನಮೂದಿಸಿ ಎನ್ನುತ್ತದೆ.