ಒಟ್ಟಿಗೆ ಹೊರಟ್ವಿ, ಒಬ್ಬೊಬ್ರಾಗಿ ಬಂದು ಸೇರಿದ್ವಿ

ಊರಿಂದ ಫೋನ್ ಮಾಡೋರೆಲ್ಲ ಕೇಳೋದು ಎರಡೇ ವಿಷ್ಯ, ಚಳಿ ಎಷ್ಟಿದೆ, ಮತ್ತೆ ಸೆಟ್ಲ್ ಆದ್ರಾ. ಚಳಿ ವಿಷ್ಯ ಸುಲಭ, ಹೇಳಿಬಿಡ್ತೀನಿ. ಎರಡನೇದಕ್ಕೆ ಎರಡು ವರ್ಷದಿಂದ ಹೂಂ ಆಯ್ತು ಅಂತಾನೇ ಹೇಳ್ಕೊಂಡು ಬಂದಿದೀನಿ, ಆದ್ರೆ ಅದು ಪೂರ್ತಿ ನಿಜ ಅಲ್ಲ, ಯಾಕಂದ್ರೆ ಆ ಪ್ರಶ್ನೆಗೆ ನಮ್ಮನೇಲಿ ನಾಲ್ಕು ಉತ್ತರ ಇದೆ. 2023ರ ಅಕ್ಟೋಬರ್‌ನಲ್ಲಿ ನಾನು, ನಮ್ಮನೆಯವ್ರು, ಎಂಟು ವರ್ಷದ ಮಗಳು, ನಾಲ್ಕು ವರ್ಷದ ಮಗ ವಿಮಾನದಲ್ಲಿ ಒಂದೇ ಸಾಲಲ್ಲಿ ಕೂತು ಜರ್ಮನಿಗೆ ಬಂದ್ವಿ. ಬಂದು ಮುಟ್ಟಿದ್ದು ಮಾತ್ರ ಒಬ್ಬೊಬ್ರು ಒಂದೊಂದು ಕಾಲಕ್ಕೆ. ಹೊರಡೋ ತಯಾರಿಲಿರೋ ಸಂಸಾರಗಳಿಗೆ ಇದನ್ನ ಯಾರಾದ್ರೂ ಮೊದಲೇ ಹೇಳ್ಬೇಕು, ನಮಗೆ ಯಾರೂ ಹೇಳಿರ್ಲಿಲ್ಲ.

ನಾವಿರೋದು ಸ್ಟುಟ್‌ಗಾರ್ಟ್‌ನಲ್ಲಿ. ಊರು ಬಟ್ಟಲಿನ ಥರ ಇದೆ, ತಳದಲ್ಲಿ ಪೇಟೆ, ಸುತ್ತ ಗುಡ್ಡ, ಗುಡ್ಡದ ಮೇಲೆ ದ್ರಾಕ್ಷಿ ತೋಟ, ಎಲ್ಲಿಗೆ ಹೋದ್ರೂ ಮೆಟ್ಟಿಲು ಹತ್ತೋದು ಇಳಿಯೋದು. ಮರ್ಸಿಡಿಸ್, ಪೋರ್ಶೆ ಕಾರಿನೋರ ಊರು ಇದು, ಹಾಗಾಗಿ ಸಾಫ್ಟ್‌ವೇರ್‌ನೋರಿಗೂ ಕೆಲಸ ಇದೆ. ಕೆಲಸ ಸಿಕ್ಕಿದ್ದು ನಂಗೆ. ನಮ್ಮನೆಯವ್ರು ಮೈಸೂರಲ್ಲಿ ಪಿಯು ಕಾಲೇಜಲ್ಲಿ 14 ವರ್ಷ ಫಿಸಿಕ್ಸ್ ಪಾಠ ಮಾಡ್ತಿದ್ದೋರು, ರಾಜೀನಾಮೆ ಕೊಟ್ಟು ನನ್ನ ಜೊತೆ ಬಂದ್ರು. ಬ್ಲೂ ಕಾರ್ಡ್, ಅಂದ್ರೆ ಓದಿದೋರಿಗೆ ಕೆಲಸದ ಮೇಲೆ ಇಲ್ಲಿರೋಕೆ ಕೊಡೋ ಪರ್ಮಿಟ್, ಅದರ ಮೇಲೆ ಬರೋರ ಗಂಡ ಅಥವಾ ಹೆಂಡತಿಗೆ ಬರೋ ಮುಂಚೆ ಜರ್ಮನ್ ಪರೀಕ್ಷೆ ಪಾಸಾಗ್ಬೇಕು ಅಂತ ನಿಯಮ ಇಲ್ಲ, ಬಂದಮೇಲೆ ಕೆಲಸ ಮಾಡೋಕೂ ಪರ್ಮಿಷನ್ ಇರುತ್ತೆ. ಅದನ್ನ ನೋಡಿ ನಾವು ಸದ್ಯ ಅಂತ ನಿಟ್ಟುಸಿರು ಬಿಟ್ಟಿದ್ವಿ. ಈಗ ಯಾರಾದ್ರೂ ಕೇಳಿದ್ರೆ ಕೈ ಮುಗಿದು ಹೇಳ್ತೀನಿ, ನಿಯಮ ಕೇಳದಿದ್ರೂ ಪರವಾಗಿಲ್ಲ, ಕನಿಷ್ಠ ಎ1, ಅಂದ್ರೆ ಜರ್ಮನ್ ಕಲಿಕೆಯ ಮೊದಲ ಮೆಟ್ಟಿಲು, ಮುಗಿಸ್ಕೊಂಡೇ ವಿಮಾನ ಹತ್ತಿ.

ಕಾಗದಪತ್ರದ ಕಥೆ ಬೇಗ ಮುಗಿಸ್ತೀನಿ, ಅದು ಕಷ್ಟ ಅನ್ನೋದಕ್ಕಿಂತ ತಾಳ್ಮೆ ಕೇಳೋ ಕೆಲಸ. ಮನೆಗೆ ಹೋದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸ್ಬೇಕು, ಅದಕ್ಕೆ ಆನ್‌ಮೆಲ್ಡುಂಗ್ ಅಂತಾರೆ, ಮನೆ ಓನರ್ ಕೊಟ್ಟ ಪತ್ರ ಬೇಕು. ಅದಾದ್ಮೇಲೆ ಟ್ಯಾಕ್ಸ್ ನಂಬರ್ 11 ಅಂಕಿದು ಪೋಸ್ಟಲ್ಲಿ ಬರುತ್ತೆ, ರೇಡಿಯೋ ಟಿವಿ ಶುಲ್ಕ ಮನೆಗೊಂದಕ್ಕೆ ತಿಂಗಳಿಗೆ 18.36 ಯೂರೋ ಅಂತ ಅದೂ ಪೋಸ್ಟಲ್ಲೇ ಬರುತ್ತೆ, ನೀವು ಟಿವಿ ನೋಡಿ ಬಿಡಿ, ಕಟ್ಟಲೇಬೇಕು. ಇಲ್ಲಿ ಫ್ಲಾಟ್ ನಂಬರ್ ನೋಡಿ ಪೋಸ್ಟ್ ಹಾಕಲ್ಲ, ಡಬ್ಬಿ ಮೇಲಿರೋ ಹೆಸರು ನೋಡಿ ಹಾಕ್ತಾರೆ, ಆದ್ದರಿಂದ ಕೀ ಸಿಕ್ಕಿದ ದಿನವೇ ಮನೇಲಿರೋ ಎಲ್ಲರ ಸರ್‌ನೇಮೂ ಡಬ್ಬಿ ಮೇಲೆ ಅಂಟಿಸಿ. ನಮ್ಮಲ್ಲಿ ಗಂಡ ಹೆಂಡತಿ ಮಕ್ಕಳ ಕೊನೆ ಹೆಸರು ಬೇರೆ ಬೇರೆ ಇರುತ್ತಲ್ಲ, ನಾವು ಒಂದೇ ಬರೆದು ಮಗಳ ಸ್ಕೂಲಿನ ಪತ್ರ ಒಂದು ವಾಪಸ್ ಹೋಗಿತ್ತು. ಇನ್ನೊಂದು, ಬಾಡಿಗೆ ಮನೆ ಅಂದ್ರೆ ಅಡುಗೆಮನೆ ಇರುತ್ತೆ ಅಂತ ಅಂದ್ಕೋಬೇಡಿ. ಕೋಣೆ ಇರುತ್ತೆ, ಗೋಡೆಯಿಂದ ಎರಡು ಪೈಪು ಆಚೆ ಬಂದಿರುತ್ತೆ, ಅಷ್ಟೇ. ಸಿಂಕು, ಒಲೆ, ಕಪಾಟು ಎಲ್ಲ ಹಳೇ ಬಾಡಿಗೆದಾರರು ಬಿಚ್ಕೊಂಡು ಹೋಗಿರ್ತಾರೆ. ನಾವು ಮೂರು ವಾರ ಬಾತ್‌ರೂಮಲ್ಲಿ ಪಾತ್ರೆ ತೊಳೆದ್ವಿ.

ಬಂದು ಸ್ವಲ್ಪ ದಿನಕ್ಕೇ, ಅಕ್ಟೋಬರ್ 29ಕ್ಕೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯ್ತು. ಊರಿಗೂ ಇಲ್ಲಿಗೂ ಮೂರೂವರೆ ಗಂಟೆ ಇದ್ದ ವ್ಯತ್ಯಾಸ ನಾಲ್ಕೂವರೆ ಆಯ್ತು. ಡಿಸೆಂಬರ್ ಹೊತ್ತಿಗೆ ಬೆಳಗಾಗೋದು ಎಂಟು ದಾಟಿದ್ಮೇಲೆ, ನಾಲ್ಕೂವರೆಗೆ ಸೂರ್ಯ ಮುಳುಗಿ ಆಗಿರುತ್ತೆ. ನಾನು ಕತ್ತಲಲ್ಲಿ ಹೋಗಿ ಕತ್ತಲಲ್ಲಿ ಬರ್ತಿದ್ದೆ, ಆದ್ರೆ ಮಧ್ಯೆ ಆಫೀಸ್ ಅಂತ ಒಂದಿತ್ತು, ನಾಲ್ಕು ಜನ ಇದ್ರು, ಇಂಗ್ಲಿಷ್ ನಡೀತಿತ್ತು. ನಮ್ಮನೆಯವ್ರಿಗೆ ಅದಿರ್ಲಿಲ್ಲ. ಮಗನಿಗೆ ಕೀಟಾ ಸಿಕ್ಕಿರ್ಲಿಲ್ಲ, ಕೀಟಾ ಅಂದ್ರೆ ಇಲ್ಲಿನ ಶಿಶುವಿಹಾರ. ಒಂದು ವರ್ಷ ತುಂಬಿದ ಪ್ರತಿ ಮಗುಗೂ ಜಾಗ ಕೊಡ್ಬೇಕು ಅಂತ ಕಾನೂನೇ ಇದೆ, ಆದ್ರೆ ಜಾಗ ಕಮ್ಮಿ, ನಮಗೆ ಕಾದು ಕಾದು ಐದು ತಿಂಗಳಾಯ್ತು. ಆ ಐದು ತಿಂಗಳು ಅವ್ರು ನಾಲ್ಕು ವರ್ಷದ ಮಗನ ಜೊತೆ ಮನೆಯೊಳಗೆ. ಒಂದೊಂದು ಕ್ಲಾಸಲ್ಲಿ ತೊಂಬತ್ತು ಹುಡುಗರ ಮುಂದೆ ಗಂಟೆಗಟ್ಟಲೆ ಮಾತಾಡ್ತಿದ್ದ ಮನುಷ್ಯ, ಬೇಕರಿಲಿ ಕೈ ತೋರಿಸಿ ಬ್ರೆಡ್ ತಗೊಂಡು, ಅಂಗಡಿಯೋರು ಏನೋ ಕೇಳಿದ್ರೆ ಯಾ, ಅಂದ್ರೆ ಹೂಂ, ಅಂದು, ದುಡ್ಡು ಕೊಟ್ಟು ಬರೋರು. ಅವ್ರು ದೂರಲಿಲ್ಲ. ಸಂಜೆ ನಾನು ಬಂದಾಗ ಅಡುಗೆ ಆಗಿರ್ತಿತ್ತು, ಮಗನಿಗೆ ಊಟ ಆಗಿರ್ತಿತ್ತು, ಅವ್ರು ಕಿಟಕಿ ಹತ್ರ ಲೈಟ್ ಹಾಕ್ದೆ ಕೂತಿರ್ತಿದ್ರು. ಅಮ್ಮನ ಹತ್ರ ಫೋನಲ್ಲಿ ಎಲ್ಲ ಚೆನ್ನಾಗಿದೆ ಅಂತ ಹೇಳುವಾಗ ನಂಗೆ ಗಂಟಲು ಕಟ್ತಿತ್ತು, ನನ್ನ ಕೆಲಸಕ್ಕೋಸ್ಕರ ಇವರ ಮಾತು ಕಿತ್ಕೊಂಡೆ ಅನ್ಸೋದು. ಇದನ್ನ ಆಗ ಯಾರ ಹತ್ರಾನೂ ಹೇಳಿರ್ಲಿಲ್ಲ.

ಬದಲಾವಣೆ ಶುರುವಾಗಿದ್ದು ಮಗನ ಕೀಟಾದಿಂದ. ಇಲ್ಲಿ ಮಗೂನ ಗೇಟಲ್ಲಿ ಬಿಟ್ಟು ಅಳ್ಳಿ ಬಿಡಿ ಅಂತ ಬರೋ ಹಾಗಿಲ್ಲ. ಐನ್‌ಗೆವ್ಯೋನುಂಗ್ ಅಂತ ಒಂದು ಪದ್ಧತಿ ಇದೆ, ನಮ್ಮ ಭಾಷೇಲಿ ಹೇಳೋದಾದ್ರೆ ಒಗ್ಗಿಸೋದು, ಹೊಸೂರಿನ ನೀರು ಒಗ್ಬೇಕು ಅಂತೀವಲ್ಲ ಆ ಒಗ್ಗೋದು. ಮೊದಲ ಮೂರು ದಿನ ಅಪ್ಪನೋ ಅಮ್ಮನೋ ಮಗು ಜೊತೆ ಅದೇ ಕೋಣೇಲಿ ಒಂದು ಮೂಲೇಲಿ ಸುಮ್ನೆ ಕೂತಿರ್ಬೇಕು, ನಾಲ್ಕನೇ ದಿನ ಟಾಟಾ ಹೇಳಿ ಸ್ವಲ್ಪ ಹೊತ್ತು ಆಚೆ ಹೋಗ್ಬೇಕು, ಮಗು ಸುಧಾರಿಸ್ಕೊಂಡ್ರೆ ಹೊತ್ತು ಜಾಸ್ತಿ ಮಾಡ್ತಾ ಹೋಗೋದು, ಇಲ್ದಿದ್ರೆ ಮತ್ತೆ ಸ್ವಲ್ಪ ದಿನ ಕಾಯೋದು. ಯಾರೂ ಅವಸರ ಮಾಡಲ್ಲ. ನಮ್ಮ ಮಗನಿಗೆ ಮೂರೂವರೆ ವಾರ ಹಿಡೀತು. ಅಷ್ಟೂ ದಿನ ಇವ್ರು ಆ ಪುಟ್ಟ ಕುರ್ಚಿ ಮೇಲೆ ಕೂತಿದ್ರು. ಅಲ್ಲಿನ ಟೀಚರ್ ಚಿತ್ರದ ಪುಸ್ತಕ ಹಿಡ್ಕೊಂಡು ನಿಧಾನಕ್ಕೆ, ನಾಯಿ ಎಲ್ಲಿದೆ, ನಾಯಿ ಮೇಜಿನ ಕೆಳಗಿದೆ, ಅಂತ ಓದೋದು, ಮಕ್ಕಳು ಒಟ್ಟಿಗೆ ಹೇಳೋದು. ಇವ್ರೂ ಮನಸ್ಸಲ್ಲೇ ಹೇಳ್ಕೋತಿದ್ರಂತೆ. ಒಂದು ಸಂಜೆ ನಾನು ಮನೆಗೆ ಬಂದ್ರೆ ಲೈಟ್ ಹಾಕಿತ್ತು, ಇವ್ರು ಮಗಳ ರಫ್ ನೋಟ್‌ಬುಕ್ ತಗೊಂಡು ಪದ ಪಟ್ಟಿ ಬರೀತಾ ಕೂತಿದ್ರು. ಮಗನಿಗೋಸ್ಕರ ಮಾಡಿದ ಆ ಒಗ್ಗಿಸೋ ವ್ಯವಸ್ಥೆ ಅಪ್ಪನಿಗೂ ಕೆಲಸ ಮಾಡಿತ್ತು. ದೊಡ್ಡೋರಿಗೂ ಹೀಗೆ ಯಾರಾದ್ರೂ ಮೂರು ವಾರ ಒಂದು ಮೂಲೇಲಿ ಕೂತ್ಕೊಳ್ಳಿ, ನೋಡ್ತಿರಿ, ಮಾತಾಡೋದು ಬೇಡ, ಅಂತ ಹೇಳೋ ಹಾಗಿದ್ರೆ ಎಷ್ಟು ಸಂಕಟ ತಪ್ತಿತ್ತು ಅಂತ ಈಗಲೂ ಅನ್ಸುತ್ತೆ.

ಮಗಳದು ಬೇರೆ ದಾರಿ. ಅವಳನ್ನ ಸ್ಕೂಲಲ್ಲಿ ಮೊದಲು ಪೂರ್ವತಯಾರಿ ಕ್ಲಾಸಿಗೆ ಹಾಕಿದ್ರು, ಜರ್ಮನ್ ಬರದ ಮಕ್ಕಳಿಗೆ ಅಂತಾನೇ ಈ ರಾಜ್ಯದಲ್ಲಿ ಇರೋದು ಅದು. ಊರಲ್ಲಿ ಬಾಯಿ ಮುಚ್ಚು ಅಂದ್ರೂ ಮುಚ್ಚದೇ ಇದ್ದ ಹುಡುಗಿ, ನಾಲ್ಕು ತಿಂಗಳು ಸ್ಕೂಲಲ್ಲಿ ಒಂದು ಮಾತು ಆಡ್ಲಿಲ್ಲ. ಗಣಿತದಲ್ಲಿ ಜಾಣೆ, ಆದ್ರೆ ಟೀಚರ್ ಅಂಕಿ ಹೇಳಿ ಬರೆಸಿದ್ರೆ ತಪ್ಪು, ಯಾಕಂದ್ರೆ ಜರ್ಮನ್‌ನಲ್ಲಿ ಇಪ್ಪತ್ತನಾಲ್ಕನ್ನ ನಾಲ್ಕು ಮತ್ತು ಇಪ್ಪತ್ತು ಅಂತ ಹೇಳ್ತಾರೆ, ಇವಳು ಕೇಳಿಸ್ಕೊಂಡ ಹಾಗೆ ಮೊದಲು 4 ಬರೆದು ಆಮೇಲೆ 2 ಬರೆಯೋಳು. ಉತ್ತರ ಗೊತ್ತಿದ್ದೂ ತಪ್ಪಾಗೋದು ಅವಳಿಗೆ ತುಂಬ ನೋವು ಕೊಡ್ತು. ನಾನು ಹೆದರಿ ಟೀಚರ್‌ನ ಭೇಟಿಯಾದೆ. ಅವ್ರು ಹೇಳಿದ್ದು, ಅವಳು ಸುಮ್ನಿಲ್ಲ, ತುಂಬಿಕೊಳ್ತಾ ಇದಾಳೆ, ಬಿಡಿ ಅಂತ. ಮಾರ್ಚಲ್ಲಿ ಒಂದಿನ ಆಟದ ಮೈದಾನದಲ್ಲಿ ಉಯ್ಯಾಲೆಗೆ ಸಾಲಲ್ಲಿ ನಿಂತಿದ್ಲಂತೆ, ಒಬ್ಬ ಹುಡುಗ ಮುಂದೆ ನುಗ್ಗಿದಾನೆ, ಇವಳು ಎಲ್ಲರಿಗೂ ಕೇಳೋ ಹಾಗೆ, ದಾಸ್ ಇಸ್ಟ್ ಮೈನ್ ಪ್ಲಾಟ್ಸ್, ಅದು ನನ್ನ ಜಾಗ, ಅಂದ್ಲಂತೆ. ಅವತ್ತಿಂದ ನಿಲ್ಸಿಲ್ಲ. ಈಗ ನಾವಿಲ್ದೆ ಗೆಳತಿಯರ ಜೊತೆ ನಡ್ಕೊಂಡು ಸ್ಕೂಲಿಗೆ ಹೋಗ್ತಾಳೆ, ಇಲ್ಲಿ ಸಣ್ಣ ಮಕ್ಕಳೂ ಹಾಗೇ ಹೋಗ್ತಾರೆ, ನಾನು ಮೊದಲ ತಿಂಗಳು ದೂರದಿಂದ ಹಿಂದೆ ಹಿಂದೆ ಹೋಗ್ತಿದ್ದೆ.

ಎಲ್ಲರಿಗಿಂತ ಬೇಗ ಒಗ್ಗಿದ್ದು ಮಗನೇ, ಅದರ ಬೆಲೆಯೂ ಅವನ ಬಾಯಲ್ಲೇ ಗೊತ್ತಾಯ್ತು. ಒಂದು ವರ್ಷದಲ್ಲಿ ಅವನ ಕನ್ನಡ ವಾಕ್ಯಗಳ ಒಳಗೆ ಜರ್ಮನ್ ಬಂದು ಕೂತ್ಕೊಳ್ತು, ಆಮೇಲೆ ವಾಕ್ಯವೇ ಜರ್ಮನ್ ಆಯ್ತು. ಅಜ್ಜಿ ಫೋನಲ್ಲಿ ಊಟ ಮಾಡ್ದಾ ಕಂದ ಅಂದ್ರೆ ಯಾ ಅಂತಾನೆ, ಅಜ್ಜಿ ಆ ಕಡೆ ಸುಮ್ನಾಗ್ತಾರೆ. ಅದನ್ನ ನೋಡಿದ ದಿನ ಇವ್ರು ಒಂದು ನಿರ್ಧಾರ ಮಾಡಿದ್ರು, ರಾತ್ರಿ ಕಥೆ ಕನ್ನಡದಲ್ಲೇ, ಪ್ರಶ್ನೆ ಕನ್ನಡದಲ್ಲಿ ಕೇಳಿದ್ರೆ ಮಾತ್ರ ಕಥೆ ಮುಂದಕ್ಕೆ ಹೋಗುತ್ತೆ. ಬೈಯೋದಿಲ್ಲ, ತಿದ್ದೋದಿಲ್ಲ, ಕಾಯ್ತಾರೆ. ಮಗ ಈಗ ಆಮೇಲೆ ಏನಾಯ್ತು ಅಂತ ಸ್ಪಷ್ಟವಾಗಿ ಕೇಳ್ತಾನೆ.

ಇವ್ರು 2024ರ ಮೇ ತಿಂಗಳಲ್ಲಿ ಇಂಟಿಗ್ರೇಷನ್ ಕೋರ್ಸ್ ಸೇರಿದ್ರು. 45 ನಿಮಿಷದ ಪೀರಿಯಡ್‌ಗಳು, ಭಾಷೆಗೆ 600, ಇಲ್ಲಿನ ಕಾನೂನು, ಇತಿಹಾಸ, ಬದುಕಿನ ಬಗ್ಗೆ 100. ಪಾಠ ಮಾಡ್ತಿದ್ದೋರು ಬೆಂಚಲ್ಲಿ ಕೂತ್ರು, ಪಕ್ಕದಲ್ಲಿ ಸಿರಿಯಾದಿಂದ ಬಂದೋರು, ಉಕ್ರೇನಿಂದ ಬಂದೋರು. ಯುದ್ಧ ಬಿಟ್ಟು ಓಡಿ ಬಂದೋರ ಪಕ್ಕ ಕೂತಾಗ ತನ್ನ ಬೇಜಾರಿನ ಅಳತೆ ಬದಲಾಯ್ತು ಅಂತ ಹೇಳಿದ್ರು. ವ್ಯಾಕರಣ ಅವ್ರಿಗೆ ಹಿಡಿಸ್ತು. ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ಎರಡೂ ಅಲ್ಲ, ಹುಡುಗಿ ಅನ್ನೋ ಪದ ನಪುಂಸಕಲಿಂಗ, ಇದನ್ನ ಕನ್ನಡದೋರಿಗೆ ಒಪ್ಸೋದು ಕಷ್ಟ, ನಮ್ಮಲ್ಲಿ ಅರ್ಥ ನೋಡಿ ಲಿಂಗ ಬರುತ್ತೆ. ಆದ್ರೆ ಜರ್ಮನ್‌ನಲ್ಲಿ ಯಾಕಂದ್ರೆ ಅಂತ ಶುರುವಾಗೋ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುತ್ತೆ, ಥೇಟ್ ನಮ್ಮ ಹಾಗೆ. ಕ್ಲಾಸಲ್ಲಿ ಎಲ್ಲರೂ ಅಲ್ಲಿ ಎಡವುವಾಗ ಇವ್ರು ಸಲೀಸಾಗಿ ಹೇಳೋರು. ಆಮೇಲೆ ನೀನು, ನೀವು. ಇಂಗ್ಲಿಷಲ್ಲಿ ಕಳ್ಕೊಂಡಿದ್ದ ಆ ವ್ಯತ್ಯಾಸ ಇಲ್ಲಿ ಡು, ಜೀ ಅಂತ ಮತ್ತೆ ಸಿಕ್ತು. ಭಾಷೆಯ ಮೂರನೇ ಮೆಟ್ಟಿಲು ಬಿ1 ಪಾಸಾದ್ರು, ಇಲ್ಲಿನ ಕಾನೂನು, ಇತಿಹಾಸದ ಮೇಲಿನ 33 ಪ್ರಶ್ನೆಯ ಇನ್ನೊಂದು ಪರೀಕ್ಷೇಲಿ 31 ಸರಿ. ಇಲ್ಲಿ ಸರ್ಕಾರಿ ಶಾಲೇಲಿ ಪಾಠ ಮಾಡ್ಬೇಕಂದ್ರೆ ಇನ್ನೂ ಎತ್ತರದ ಜರ್ಮನ್ ಬೇಕು, ಡಿಗ್ರಿಗೆ ಮಾನ್ಯತೆ ಬೇಕು, ಅದು ದೂರದ ದಾರಿ. ಸದ್ಯಕ್ಕೆ ವಾರಕ್ಕೆ ಮೂರು ಸಂಜೆ ಆರೇಳು ಮಕ್ಕಳಿಗೆ ಗಣಿತ ಫಿಸಿಕ್ಸ್ ಹೇಳ್ಕೊಡ್ತಾರೆ. ಮೊದಲ ದಿನ ಮುಗಿಸಿ ಬಂದಾಗ ಕೈ ಮೇಲೆ ಚಾಕ್ ಪುಡಿ ಇತ್ತು, ತೊಳ್ಕೊಳ್ದೆ ತುಂಬ ಹೊತ್ತು ಕೂತಿದ್ರು.

ಕಳೆದ ಬೇಸಿಗೇಲಿ ಟ್ಯೂಬಿಂಗನ್‌ಗೆ ಹೋಗಿದ್ವಿ, ಇಲ್ಲಿಂದ ಟ್ರೇನಲ್ಲಿ ಒಂದು ಗಂಟೆಯೊಳಗೆ, ನೆಕ್ಕರ್ ನದಿ ದಡದ ಹಳೇ ವಿಶ್ವವಿದ್ಯಾಲಯದ ಊರು. ಕಿಟ್ಟೆಲ್ ತೀರಿಕೊಂಡಿದ್ದು ಅಲ್ಲಿ, 1903ರಲ್ಲಿ. ಉತ್ತರ ಜರ್ಮನಿಯ ಹಳ್ಳೀಲಿ 1832ರಲ್ಲಿ ಹುಟ್ಟಿ, 1853ರಲ್ಲಿ ಧಾರವಾಡಕ್ಕೆ ಬಂದು, ಒಂದಕ್ಷರ ಬರದ ಭಾಷೆಯನ್ನ ಕಲಿತು, 1894ರಲ್ಲಿ ಸುಮಾರು 70 ಸಾವಿರ ಪದಗಳ ಕನ್ನಡ ನಿಘಂಟು ಕೊಟ್ಟೋರು. ನಾವು ಸ್ಕೂಲಲ್ಲಿ ಓದಿದ್ದ ಹೆಸರು, ಬೆಂಗಳೂರಿನ ಎಂಜಿ ರೋಡಲ್ಲಿ ನೋಡಿದ ಪ್ರತಿಮೆ. ನದಿ ಮೇಲಿನ ಸೇತುವೆ ಮೇಲೆ ನಿಂತು ಇವ್ರು ಮಕ್ಕಳಿಗೆ ಹೇಳ್ತಿದ್ರು, ಅವ್ರಿಗೆ 21 ವರ್ಷ ಕಣೋ, ಹಡಗಲ್ಲಿ ಬಂದ್ರು, ಯಾರ ಹತ್ರ ಮಾತಾಡಿರ್ಬೇಕು ಮೊದಲ ದಿನ? ಮಗಳು ಯೋಚನೆ ಮಾಡಿ, ಮಕ್ಕಳ ಹತ್ರ ಇರ್ಬೇಕು ಅಪ್ಪ, ಅವ್ರು ನಗಲ್ಲ, ಅಂದ್ಲು.

ಇನ್ನು ಉಳಿದಿದ್ದು ನನ್ನ ಉತ್ತರ. ಸಂಬಳ ತರೋಳು ನಾನು, ವೀಸಾ ನನ್ನ ಹೆಸರಲ್ಲಿ, ಎಲ್ಲರೂ ಅಂದ್ಕೊಂಡಿರೋದು ನಾನು ಮೊದಲೇ ಸೆಟ್ಲ್ ಆದೆ ಅಂತ. ಆದ್ರೆ ಇಡೀ ದಿನ ಇಂಗ್ಲಿಷಲ್ಲಿ ಕಳೆದು ಬರೋ ನಂಗೆ ಮನೇಲಿ ಎಲ್ಲರಿಗಿಂತ ಕಮ್ಮಿ ಜರ್ಮನ್. ಪರ್ಮನೆಂಟ್ ರೆಸಿಡೆನ್ಸಿ ಬ್ಲೂ ಕಾರ್ಡ್‌ನೋರಿಗೆ ಬಿ1 ಇದ್ರೆ 21 ತಿಂಗಳಿಗೆ, ಎ1 ಇದ್ರೆ 27 ತಿಂಗಳಿಗೆ, ನಾನು ಆ 27ರ ಸಾಲಲ್ಲಿರೋಳು. ಸ್ಕೂಲಿನ ಪೋಷಕರ ಸಭೇಲಿ ಇವ್ರು ಎದ್ದು ನಿಂತು ಮಾತಾಡ್ತಾರೆ, ನಾನು ಪಕ್ಕದಲ್ಲಿ ಅರ್ಧ ಅರ್ಥ ಮಾಡ್ಕೊಂಡು ಕೂತಿರ್ತೀನಿ. ಆ ಮೊದಲ ಚಳಿಗಾಲದಲ್ಲಿ ಕಿಟಕಿ ಹತ್ರ ಕೂತ ಅವ್ರಿಗೆ ಹೇಗನ್ಸಿತ್ತು ಅನ್ನೋದು ಈಗ ನಂಗೆ ಸರಿಯಾಗಿ ಗೊತ್ತಾಗ್ತಿದೆ.

ನಮ್ಮ ಕಟ್ಟಡದಲ್ಲಿ ಕೇರ್‌ವೋಖೆ ಅಂತ ಒಂದು ಪದ್ಧತಿ ಇದೆ, ಈ ಶ್ವಾಬಿಯಾ ಸೀಮೆಯೋರ ಹಳೇ ರೂಢಿ, ವಾರಕ್ಕೊಂದು ಮನೆಯೋರು ಮೆಟ್ಟಿಲು, ಬಾಗಿಲು, ಮುಂದಿನ ದಾರಿ ಗುಡಿಸ್ಬೇಕು, ಸರದಿ ಯಾರದೋ ಅವರ ಬಾಗಿಲಿಗೆ ಪುಟ್ಟ ಬೋರ್ಡ್ ತೂಗು ಹಾಕಿರ್ತಾರೆ. ಕೆಳಗಿನ ಮನೇಲಿ ಎಂಬತ್ತು ದಾಟಿದ ಅಜ್ಜಿ ಇದಾರೆ, ಅವರದು ಅಪ್ಪಟ ಇಲ್ಲಿನ ಆಡುಮಾತು, ಎಲ್ಲದಕ್ಕೂ ಕೊನೇಲಿ ಲೆ ಸೇರಿಸಿ ಮುದ್ದು ಮಾಡಿ ಹೇಳೋದು, ಪುಸ್ತಕದ ಜರ್ಮನ್ ಕಲಿತೋರಿಗೆ ಮೊದಲು ಏನೂ ಗೊತ್ತಾಗಲ್ಲ. ಇವ್ರು ಸರದಿ ಬಂದಾಗೆಲ್ಲ ಗುಡಿಸ್ತಾ ಅವರ ಜೊತೆ ಮಾತಾಡಿ ಮಾತಾಡಿ, ಒಂದೂವರೆ ವರ್ಷ ಆದ್ಮೇಲೆ ಆ ಅಜ್ಜಿ ಕೈ ಚಾಚಿ, ಇನ್ನು ಮೇಲೆ ನೀವು ಬೇಡ, ನೀನು ಅನ್ನು, ಅಂದ್ರಂತೆ. ಇಲ್ಲಿ ಅದನ್ನ ಹಿರಿಯರೇ ಮೊದಲು ಹೇಳ್ಬೇಕು, ಕಿರಿಯರು ಕೇಳೋ ಹಾಗಿಲ್ಲ. ನಂಗೆ ಇನ್ನೂ ಅವ್ರು ಜೀ ಅಂತಾನೇ ಕರೀತಾರೆ.

ಈ ವಾರ ಬೋರ್ಡ್ ನಮ್ಮ ಬಾಗಿಲಿಗೆ ಬಂದಿದೆ. ಶನಿವಾರ ನಾನೇ ಪೊರಕೆ ತಗೊಂಡು ಇಳೀತೀನಿ ಅಂತ ಹೇಳಿದೀನಿ. ಅಜ್ಜಿ ಮೊಣಕಾಲಿನ ಬಗ್ಗೆ ಹೇಗೆ ಕೇಳೋದು ಅಂತ ಮಗಳು ಒಂದು ಚೀಟೀಲಿ ಬರ್ಕೊಟ್ಟಿದಾಳೆ, ಫ್ರಿಜ್ ಮೇಲೆ ಅಂಟಿಸಿದೀನಿ, ಟೀ ಕಾಯಿಸುವಾಗೆಲ್ಲ ಜೋರಾಗಿ ಓದ್ತಿದೀನಿ.