ವಾಕಿಂಗ್ ಮಾಡ್ತೀನಲ್ಲ, ಸಾಕಲ್ವಾ?

ಹಾಸನದ ಮಹಾರಾಜ ಪಾರ್ಕ್‌ನಲ್ಲಿ ಬೆಳಿಗ್ಗೆ ಸಿಗುವವರು, ನಮ್ಮ ಬೀದಿಯ ಹೆಂಗಸರು, ಮದುವೆ ಮನೆಯಲ್ಲಿ ಪಕ್ಕ ಕೂತವರು, ಎಲ್ಲರೂ ನನ್ನನ್ನು ಕೇಳುವುದು ಇದನ್ನೇ. "ಟೀಚರ್, ನಾನು ದಿನಾ ವಾಕಿಂಗ್ ಮಾಡ್ತೀನಲ್ಲ, ಸಾಕಲ್ವಾ? ಈ ವಯಸ್ಸಲ್ಲಿ ಭಾರ ಎತ್ತೋದು, ಬಸ್ಕಿ ಹೊಡೆಯೋದು ಎಲ್ಲಾ ಬೇಕಾ?" ನನಗೀಗ 67. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿಯಾಗಿದ್ದು ನಿವೃತ್ತಿಯಾದವಳು. ವಾಕಿಂಗ್ ಬಿಡಬೇಡಿ, ಆದರೆ ಅದೊಂದೇ ಸಾಲದು ಅಂತ ಹೇಳುತ್ತೇನೆ. ಯಾಕೆ ಅಂತ ಇಲ್ಲಿ ಬಿಡಿಸಿ ಬರೆಯುತ್ತೇನೆ.

ನಮ್ಮ ಅವ್ವ 78ರ ತನಕ ದಿನಾ ಸಂಜೆ ದೇವಸ್ಥಾನಕ್ಕೆ ನಡೆದೇ ಹೋಗಿಬರುತ್ತಿದ್ದಳು. ಒಂದು ಮಧ್ಯಾಹ್ನ ಬಚ್ಚಲಲ್ಲಿ ಜಾರಿ ಕೂತಳು. ಮೂಳೆ ಮುರಿಯಲಿಲ್ಲ, ಗಾಯವೂ ಆಗಲಿಲ್ಲ. ಆದರೆ ಏಳಲು ಆಗಲಿಲ್ಲ. ನಾನು ಸ್ಕೂಲಿಂದ ಬರುವ ತನಕ ಎರಡು ಗಂಟೆ ಒದ್ದೆ ನೆಲದ ಮೇಲೆ ಹಾಗೇ ಕೂತಿದ್ದಳು. "ಕಾಲು ನನ್ನ ಮಾತು ಕೇಳ್ತಿಲ್ಲ ಕಣೇ" ಅಂದಳು. ಅಷ್ಟು ದೂರ ನಡೆಯುತ್ತಿದ್ದ ಕಾಲಿಗೆ ಏಳುವ ಶಕ್ತಿ ಉಳಿದಿರಲಿಲ್ಲ. ಊರ ಮಕ್ಕಳಿಗೆಲ್ಲ ವ್ಯಾಯಾಮ ಹೇಳಿಕೊಡುತ್ತಿದ್ದ ನಾನು ಮನೆಯಲ್ಲಿ ಇದನ್ನು ಗಮನಿಸಿರಲೇ ಇಲ್ಲ. ಆ ಸಂಕಟ ಇವತ್ತಿಗೂ ಇದೆ.

ನಡಿಗೆ ಹೃದಯಕ್ಕೆ, ಶುಗರ್‌ಗೆ, ನಿದ್ದೆಗೆ, ಮನಸ್ಸಿಗೆ ಒಳ್ಳೆಯದು. ಆದರೆ ಸಮತಟ್ಟು ನೆಲದಲ್ಲಿ ನಡೆದರೆ ತೊಡೆಗೆ ಹೆಚ್ಚು ಭಾರ ಬೀಳುವುದಿಲ್ಲ. ಭಾರ ಬೀಳದ ಸ್ನಾಯು ಕರಗುತ್ತಾ ಹೋಗುತ್ತದೆ. 30 ದಾಟಿದ ಮೇಲೆ ಪ್ರತಿ ಹತ್ತು ವರ್ಷಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕಡಿಮೆಯಾಗುತ್ತದೆ. 60ರ ನಂತರ ಇನ್ನೂ ಬೇಗ. ಡಾಕ್ಟರುಗಳು ಇದನ್ನು ಸಾರ್ಕೋಪೀನಿಯಾ ಅನ್ನುತ್ತಾರೆ. ಆ ಜಾಗದಲ್ಲಿ ಕೊಬ್ಬು ಸೇರಿಕೊಳ್ಳುವುದರಿಂದ ತೂಕ ನೋಡಿದರೆ ಗೊತ್ತೇ ಆಗುವುದಿಲ್ಲ.

ಶ್ರವಣಬೆಳಗೊಳಕ್ಕೆ ಹೋದಾಗ ನೋಡಿ. ವಿಂಧ್ಯಗಿರಿಗೆ ಆರುನೂರಕ್ಕೂ ಹೆಚ್ಚು ಮೆಟ್ಟಿಲು, ಎಲ್ಲಾ ಬಂಡೆಯಲ್ಲೇ ಕಡಿದದ್ದು. ಹತ್ತುವಾಗ ಏದುಸಿರು ಬರುತ್ತದೆ, ಇಳಿಯುವಾಗ ತೊಡೆ ನಡುಗುತ್ತದೆ. ಪಾರ್ಕಲ್ಲಿ ದಿನಾ ಹತ್ತು ಸುತ್ತು ಹಾಕುವವರಿಗೂ ಹೀಗಾಗುತ್ತದೆ. ಇಳಿಯುವಾಗ ಪ್ರತಿ ಮೆಟ್ಟಿಲಲ್ಲೂ ಇಡೀ ಮೈಭಾರವನ್ನು ಒಂದೇ ತೊಡೆ ತಡೆದು ಕೆಳಗಿಳಿಸಬೇಕು. ನಡಿಗೆ ಆ ಕೆಲಸ ಕಲಿಸಿರುವುದಿಲ್ಲ.

"ನಮ್ಮಜ್ಜಿ ಯಾವ ಜಿಮ್ಮಿಗೆ ಹೋಗಿದ್ರು?" ಅಂತಲೂ ಕೇಳುತ್ತಾರೆ. ಅಜ್ಜಿ ಬಾವಿಯಿಂದ ನೀರು ಸೇದಿ, ಸೊಂಟದ ಮೇಲೆ ತುಂಬಿದ ಬಿಂದಿಗೆ ಹೊತ್ತು ತರುತ್ತಿದ್ದರು. ರಾಗಿ ಬೀಸುತ್ತಿದ್ದರು, ಒನಕೆ ಹಿಡಿಯುತ್ತಿದ್ದರು. ಊಟ, ಸೊಪ್ಪು ಸೋಸುವುದು, ಹರಟೆ ಎಲ್ಲವೂ ನೆಲದ ಮೇಲೆ. ದಿನಕ್ಕೆ ಮೂವತ್ತು ಸಲವಾದರೂ ಕೂತು ಏಳುತ್ತಿದ್ದರು. ಬೀಸುವ ಕಲ್ಲಿನ ಕಷ್ಟ ಯಾವ ಹೆಣ್ಣಿಗೂ ವಾಪಸ್ ಬರುವುದು ಬೇಡ. ನಲ್ಲಿ, ಮಿಕ್ಸಿ, ಕಮೋಡ್ ಬಂದದ್ದು ಒಳ್ಳೆಯದೇ ಆಯಿತು. ಆದರೆ ಆ ಕೂತು ಏಳುವ ಕೆಲಸವನ್ನು ನಾವೀಗ ಬೇಕಂತಲೇ ಮಾಡಬೇಕಾಗಿದೆ.

ನಿಮ್ಮ ಕಾಲಿನ ಬಲ ಎಷ್ಟಿದೆ ಅಂತ ಈಗಲೇ ನೋಡಿಕೊಳ್ಳಬಹುದು. ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ಕೂತು, ಕೈಗಳನ್ನು ಎದೆ ಮೇಲೆ ಕಟ್ಟಿಕೊಳ್ಳಿ. ಐದು ಸಲ ಪೂರ್ತಿ ಎದ್ದು ಕೂರಿ. 15 ಸೆಕೆಂಡಿಗಿಂತ ಜಾಸ್ತಿ ಬೇಕಾದರೆ ಸ್ನಾಯುವಿನ ಬಲ ಕಡಿಮೆಯಾಗಿರಬಹುದು. ಪಕ್ಕದಲ್ಲಿ ಒಬ್ಬರು ನಿಂತಿರಲಿ.

ವಯಸ್ಸು ಮೀರಿತು ಅಂತ ಮಾತ್ರ ಅಂದುಕೊಳ್ಳಬೇಡಿ. 1990ರಲ್ಲಿ ಅಮೆರಿಕದ ಬೋಸ್ಟನ್‌ನಿಂದ ಒಂದು ಅಧ್ಯಯನ ಪ್ರಕಟವಾಯಿತು. ಆರೈಕೆ ಕೇಂದ್ರದಲ್ಲಿದ್ದ, 90ರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಮಾಡಿಸಿದರು. ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಶೇ. 174ರಷ್ಟು ಹೆಚ್ಚಿತು. ಇದನ್ನು ಓದಿದ ದಿನ ನನಗೆ ಅವ್ವನದೇ ನೆನಪು.

65 ದಾಟಿದವರಿಗೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ಇಷ್ಟು: ವಾರಕ್ಕೆ 150ರಿಂದ 300 ನಿಮಿಷ ಬಿರುಸು ನಡಿಗೆಯಂಥದ್ದು, ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ, ಮೂರು ದಿನ ಸಮತೋಲನದ ಅಭ್ಯಾಸ. ನಾನು ಸೋಮವಾರ, ಗುರುವಾರ ಮನೆಯಲ್ಲೇ ಮಾಡುತ್ತೇನೆ. ಕುರ್ಚಿಯಿಂದ ಏಳುವುದು, ಗೋಡೆಗೆ ಕೈಯೂರಿ ದಂಡ, ಎರಡು ಕೈಯಲ್ಲೂ ಅಕ್ಕಿ ತುಂಬಿದ ಚೀಲ ಹಿಡಿದು ಹಜಾರದಲ್ಲಿ ಓಡಾಡುವುದು. ಕೊನೆಯ ಎರಡು ಮೂರು ಸಲ ಕಷ್ಟ ಅನ್ನಿಸಲೇಬೇಕು. ಸಲೀಸು ಅನ್ನಿಸಿದರೆ ಒಂದು ಪಾವು ಅಕ್ಕಿ ಹೆಚ್ಚಿಗೆ ಸುರಿಯಿರಿ. ಉಸಿರು ಬಿಗಿಹಿಡಿಯಬೇಡಿ, ಬಿಪಿ ಏರುತ್ತದೆ. ಒಗ್ಗರಣೆ ಸಿಡಿಯುವಷ್ಟು ಹೊತ್ತು ಅಡುಗೆ ಕಟ್ಟೆ ಹಿಡಿದು ಒಂಟಿ ಕಾಲಲ್ಲಿ ನಿಲ್ಲುವುದು ದಿನದ ರೂಢಿ. ಹೃದಯದ ತೊಂದರೆ ಇರುವವರು, ಈಚೆಗೆ ಕಣ್ಣಿನ ಆಪರೇಷನ್ ಆದವರು ಡಾಕ್ಟರನ್ನು ಕೇಳಿಯೇ ಶುರುಮಾಡಿ.

ಊಟದ ವಿಷಯಕ್ಕೆ ಬಂದರೆ ನನಗೆ ಸಿಟ್ಟೇ ಬರುತ್ತದೆ. ವಯಸ್ಸಾದವರಿಗೆ ರಾತ್ರಿ ಒಂದು ಲೋಟ ಗಂಜಿ ಸಾಕು ಅಂತ ಯಾರು ಹೇಳಿದರು? ವಯಸ್ಸಾದಷ್ಟೂ ಸ್ನಾಯುವಿಗೆ ಪ್ರೋಟೀನ್ ಜಾಸ್ತಿ ಬೇಕು. ದಿನಕ್ಕೆ ಕೆ.ಜಿ. ತೂಕಕ್ಕೆ 1ರಿಂದ 1.2 ಗ್ರಾಂ, ಅಂದರೆ 55 ಕೆ.ಜಿ. ಇರುವವರಿಗೆ 55ರಿಂದ 66 ಗ್ರಾಂ. ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಇರುವುದು ಸುಮಾರು 7 ಗ್ರಾಂ. ಅಷ್ಟೇ ಹುರುಳಿಕಾಳಿನಲ್ಲಿ ಸುಮಾರು 22. ಬಸ್ಸಾರು ಮಾಡಿದ ದಿನ ಕಾಳಿನ ಪಲ್ಯ ಮಕ್ಕಳಿಗೆ ಬಡಿಸಿ, ತಿಳಿ ಸಾರು ಮಾತ್ರ ತಾವು ಉಣ್ಣುವ ಅಮ್ಮಂದಿರನ್ನು ಎಷ್ಟೋ ಮನೆಯಲ್ಲಿ ನೋಡಿದ್ದೇನೆ. ಆ ಪಲ್ಯ ನಿಮಗೂ ಬೇಕು. ತಿನ್ನುವವರಾದರೆ ಮೊಟ್ಟೆ, ಒಂದರಲ್ಲಿ 6 ಗ್ರಾಂ. ಕಿಡ್ನಿ ತೊಂದರೆ ಇದ್ದವರಿಗೆ ಈ ಲೆಕ್ಕ ಬೇರೆ, ಡಾಕ್ಟರನ್ನೇ ಕೇಳಬೇಕು.

ಬಿಪಿ, ಶುಗರ್ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲೇ ನೋಡಿಸಿಕೊಳ್ಳಬಹುದು. ಬಹಳ ವರ್ಷದಿಂದ ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತಿದ್ದರೆ ರಕ್ತದಲ್ಲಿ ವಿಟಮಿನ್ ಬಿ12 ಎಷ್ಟಿದೆ ಅಂತ ಕೂಡ ನೋಡಿಸಿ. ಅದು ಕಡಿಮೆಯಾದರೆ ಪಾದ ಜೋಮು ಹಿಡಿದು ಹೆಜ್ಜೆ ತಪ್ಪುತ್ತದೆ. ರಾತ್ರಿ ಎದ್ದಾಗ ಒಂದು ನಿಮಿಷ ಮಂಚದ ಅಂಚಲ್ಲಿ ಕೂತು ಆಮೇಲೆ ನಿಲ್ಲಿ. ಬಚ್ಚಲ ಗೋಡೆಗೆ ಒಂದು ಹಿಡಿಕೆ ಹಾಕಿಸಿ. ನಮ್ಮ ಮನೆಯಲ್ಲಿ ಅದು ಅವ್ವ ಬಿದ್ದ ಮೇಲೆ ಬಂತು.

ಮೊಣಕಾಲು ನೋವು, ಕುರ್ಚಿಯಿಂದಲೂ ಏಳಕ್ಕಾಗಲ್ಲ ಅನ್ನುವವರು ಕುರ್ಚಿ ಮೇಲೆ ಎರಡು ಗಟ್ಟಿ ದಿಂಬು ಹಾಕಿ, ಎತ್ತರದಿಂದ ಏಳುವುದನ್ನು ಶುರುಮಾಡಿ. ಐದು ಸಲ ಸಾಕು. ಹದಿನೈದು ದಿನ ಬಿಟ್ಟು ಒಂದು ದಿಂಬು ತೆಗೆಯಿರಿ.